ಹೊಸ ಐಸಿನ ಗೀರು

ಮಡಿಕೇರಿಯ ಸ್ಕೇಟಿಂಗ್ ಅಂಗಳದಲ್ಲಿ ಹೊಸ ಐಸು ಹೆಪ್ಪುಗಟ್ಟಿದ ಬೆಳಿಗ್ಗೆ, ಬರಲಿರುವ ಪಂದ್ಯಗಳ ಸ್ಕೇಟ್ಸ್ ಗೀರುಗಳು ಅದರ ಮೇಲೆ ತಾವಾಗಿಯೇ ಮೂಡಿರುತ್ತವೆ. ಅದಕ್ಕೆ ಈಗ ಯಾರೂ ಬೆಚ್ಚುವುದಿಲ್ಲ. ಮಹಿಳಾ ಐಸ್ ಹಾಕಿ ಲೀಗಿನ ಆಟಗಾರ್ತಿಯರೆಲ್ಲ ಅಂದು ಸ್ಕೇಟ್ಸ್ ಬಿಚ್ಚಿ ಕೈಯಲ್ಲಿ ಹಿಡಿದು, ಬರೀ ಸಾಕ್ಸಿನಲ್ಲಿ ಇಳಿಯುವುದು ಕಟ್ಟಳೆ. ತಂತಮ್ಮ ಗೀರು ಹುಡುಕಿ, ಈ ಸಲ ಎಲ್ಲಿ ಜಾರಿ ಬೀಳುತ್ತೇವೆಂದು ನೋಡಿ ನಗುತ್ತಾರೆ.

ಈ ಸಲ ಯಾರೂ ನಗಲಿಲ್ಲ. ಗೀರುಗಳೆಲ್ಲ ಒಂದರ ಮೇಲೊಂದು ಬಿದ್ದು ಬಾಗಿಲ ಕಡೆಗೇ ಓಡಿದ್ದವು. ಒಂದೇ ಒಂದು ಗೀರು ಬಾಗಿಲಿಂದ ತಿರುಗಿ ಅಂಗಳದ ನಡುವಿಗೆ ಹೋಗಿತ್ತು. ಅದು ನಿಂತಲ್ಲಿ ಐಸು ಕಪ್ಪಗಿತ್ತು; ಅಲ್ಲಿಂದ ಮರಳಿದ ಗೀರಿರಲಿಲ್ಲ.

ದೇಚಮ್ಮ ಮಂಡಿಯೂರಿ ನೋಡಿದಳು. ಗೀರಿನೊಳಗೆ ಕೂದಲೆಳೆಯಂಥ ಇನ್ನೊಂದು ಗೆರೆ. ಸ್ಕೇಟ್ಸಿನ ಅಲಗು ಮುಕ್ಕಾಗಿದ್ದರೆ ಮಾತ್ರ ಹಾಗೆ ಬೀಳುತ್ತದೆ.

"ಮುಕ್ಕಾದ ಅಲಗು ಯಾರದ್ರೇ?" ಕ್ಯಾಪ್ಟನ್ ಬೊಳ್ಳಮ್ಮ ಕೂಗಿದಳು.

ಎಲ್ಲರೂ ತಮ್ಮ ತಮ್ಮ ಸ್ಕೇಟ್ಸ್ ತಿರುವಿ, ಅಲಗಿನ ಮೇಲೆ ಉಗುರಾಡಿಸಿ ನೋಡಿಕೊಂಡರು. ಒಂದೂ ಮುಕ್ಕಾಗಿರಲಿಲ್ಲ.

"ಯಾರದ್ದೂ ಅಲ್ಲ ಬೊಳ್ಳಕ್ಕ. ಈ ಸಲ ಐಸಿಗೇ ಅರಳುಮರಳು!" ಎಂದಳು ದೇಚಮ್ಮ. ಆಗ ಎಲ್ಲರೂ ನಕ್ಕರು, ಬೇಕಾದ್ದಕ್ಕಿಂತ ಜೋರಾಗಿಯೇ.

ಎದೆಯ ಭಾರ ಇಳಿದ ದೇಚಮ್ಮ ಎಲ್ಲರಿಗಿಂತ ಮೊದಲು ಹೊರಟಳು. ಬಾಗಿಲು ದಾಟುತ್ತ, ದಿನದ ಅಭ್ಯಾಸದಂತೆ, ಲೇಸು ಹಿಡಿದು ಸ್ಕೇಟ್ಸನ್ನು ಬೀಸಿ ಹೆಗಲಿಗೇರಿಸಿದಳು. ಅಲಗು ಬಡಿದು ಬಾಗಿಲ ಕಬ್ಬಿಣದ ಚೌಕಟ್ಟು ಠಣ್ಣೆಂದಿತು.

"ಏನೇ ಅದು, ದೇಚು?" ಹಿಂದಿನಿಂದ ಬೊಳ್ಳಮ್ಮ ಕೇಳಿದಳು.

"ಏನಿಲ್ಲಕ್ಕ," ಎಂದಳು ದೇಚಮ್ಮ, ಅಲಗಿನಲ್ಲಿ ಸಿಕ್ಕಿಕೊಂಡ ಉಗುರನ್ನು ಮೆಲ್ಲಗೆ ಬಿಡಿಸಿಕೊಳ್ಳುತ್ತ.