ಕಾರು ನಿಲ್ಲುವ ಜಾಗ

ಮೆಟ್ರೋ ನಿಲ್ದಾಣದ ಮೆಟ್ಟಿಲು ತಮ್ಮ ಗೇಟಿನ ಎದುರಿಗೇ ಇಳಿಯುತ್ತದೆಂದು ತಿಳಿದ ಗಳಿಗೆಯಿಂದ ಚನ್ನವೀರಯ್ಯನವರ ಪಿತ್ತ ನೆತ್ತಿಗೇರಿತ್ತು. ರಸ್ತೆಯ ಮೇಲೆ ಎರಡು ದಪ್ಪ ಕಲ್ಲಿಟ್ಟು, ಬೀದಿಯವರೊಂದಿಗೆಲ್ಲ ಜಗಳ ಕಾಯ್ದು, ತಮ್ಮ ಕಾರಿಗೆಂದು ಇಷ್ಟು ವರ್ಷ ಉಳಿಸಿಕೊಂಡ ಜಾಗವದು. ಈಗ ಆ ಕಲ್ಲುಗಳನ್ನೇ ಪಕ್ಕಕ್ಕೆ ಉರುಳಿಸಿ ಎಂಜಿನಿಯರ್ ಅಳತೆ ಹಿಡಿಯುತ್ತಿದ್ದ.

"ಕಲ್ಲು ವಾಪಸ್ ಇಡ್ದೇ ಇದ್ರೆ ಸರಿ ಇರಲ್ಲ! ನನ್ನ ಕಾರನ್ನ ತಲೆ ಮೇಲೆ ಹೊತ್ಕೊಂಡು ತಿರುಗ್ಲಾ?"

"ಬರ್ಲಿ ಬಿಡಿ ಓನರ್ರೇ, ಬೀದಿಗೇ ಒಳ್ಳೇದು," ಎಂದ ಲೋಕೇಶ. ಅವರದೇ ಮನೆಯ ಕೆಳಗೆ ಬೇಕರಿ ಇಟ್ಟುಕೊಂಡಿದ್ದ ಬಾಡಿಗೆದಾರ. ಅವನಿಗೇನು, ಮೆಟ್ಟಿಲಿಳಿದ ಜನವೆಲ್ಲ ನೇರ ಅವನ ಅಂಗಡಿಗೇ ನುಗ್ಗುತ್ತಾರೆ.

"ನನ್ನ ಮನೇಲೇ ಇದ್ಕೊಂಡು ನನಗೇ ಬತ್ತಿ ಇಡ್ತೀಯಾ? ಈ ತಿಂಗಳೇ ಅಂಗಡಿ ಖಾಲಿ ಮಾಡು!"

ಲೋಕೇಶ ಕೈಯಲ್ಲಿದ್ದ ಬನ್ನಿನ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟ.

ಎಂಜಿನಿಯರ್ ತಲೆಯೆತ್ತಿ ಮೂರಂತಸ್ತಿನ ಮನೆಯನ್ನು ನೋಡಿದ. "ಇಷ್ಟು ದೊಡ್ಡ ಮನೆ ಕಟ್ಟಿದೀರಿ. ಒಳಗೆ ಕಾರಿಗೆ ಅಂತ ಜಾಗ ಬಿಟ್ಟಿಲ್ವಾ?"

"ಎಲ್ಲಿ ಸಾರ್ ಬಿಡೋದು? ಇದ್ದಿದ್ದೇ ಗೇಣು ಜಾಗ." ಚನ್ನವೀರಯ್ಯನವರ ದನಿ ತಟ್ಟನೆ ಮೆತ್ತಗಾಯಿತು. "ದೇವರಾಣೆಗೂ ಬಿಟ್ಟಿಲ್ಲ."

"ಬಿಟ್ಟಿದ್ದಾರೆ ಸಾರ್, ಬನ್ನಿ ತೋರಿಸ್ತೀನಿ," ಎನ್ನುತ್ತ ಲೋಕೇಶ ಬೇಕರಿಯ ಒಳಬಾಗಿಲನ್ನು ಅಗಲವಾಗಿ ತೆರೆದ. "ಪ್ಲಾನಲ್ಲಿ ಕಾರಿಗೆ ಅಂತ ತೋರಿಸಿ, ಆಮೇಲೆ ಗೋಡೆ ಎಬ್ಬಿಸಿ ನಂಗೆ ಬಾಡಿಗೆಗೆ ಕೊಟ್ರು. ಅವರ ಕಾರು ನಿಲ್ಬೇಕಾದ ಕಡೆ ನನ್ನ ಒಲೆ ಉರೀತಿದೆ."