ದಿಂಬಿನಡಿಯ ಮಾತ್ರೆಗಳು

ಅಮ್ಮನ ದಿಂಬು ಎತ್ತಿದರೆ ಅಡಿಯಲ್ಲಿ ನಾಲ್ಕು ಮಾರ್ಫಿನ್ ಮಾತ್ರೆ! ಮಗಳಿಗೆ ಮೈಯೆಲ್ಲ ಉರಿದುಹೋಯಿತು. ನೋವು ತಗ್ಗಿಸುವ ಈ ಮದ್ದು ಕೊಡಲು ಕಾನೂನಿನ ಕಟ್ಟುನಿಟ್ಟಿದೆ, ಡಾಕ್ಟರ ಚೀಟಿಯಲ್ಲಿ ಎಷ್ಟು ಮಾತ್ರೆ ಅಂತ ಅಕ್ಷರದಲ್ಲೂ ಬರೆಸಿಕೊಂಡು ಬನ್ನಿ, ಸೀಲು ಸರಿಯಾಗಿ ಬಿದ್ದಿಲ್ಲ ಎಂದು ಔಷಧಿ ಅಂಗಡಿಯವನು ಅವಳನ್ನು ಮೂರು ಸಲ ಅಲೆದಾಡಿಸಿದ್ದ.

“ನೋವಿಗೆ ಹಲ್ಲು ಕಚ್ಕೊಂಡು ಮಲಗಿರ್ತೀಯ. ಇದನ್ನ ಯಾಕಮ್ಮ ನುಂಗಿಲ್ಲ?”

ಕ್ಯಾನ್ಸರಿನಿಂದ ಕಡ್ಡಿಯಾಗಿದ್ದ ತಾಯಿ ಮಾತ್ರೆ ಡಬ್ಬಿಯ ಮೇಲಿನ ಕೆಂಪು ಅಕ್ಷರಗಳತ್ತ ಬೆರಳು ತೋರಿಸಿದಳು. “ಚಟ ಹಿಡಿಯುತ್ತೆ ಅಂತ ಅವರೇ ಬರೆದಿದಾರೆ ನೋಡು. ಕಾಫಿ ಚಟಾನೂ ಅಂಟಿಸ್ಕೊಂಡೋಳಲ್ಲ ನಾನು. ಈ ವಯಸ್ಸಲ್ಲಿ ನಂಗ್ಯಾಕೆ ಬೇಕಿತ್ತು?”

ಡಾಕ್ಟರು ಮಗಳೊಬ್ಬಳಿಗೇ ಹೇಳಿದ್ದ ಗಡುವು ಹೆಚ್ಚೆಂದರೆ ಎರಡು ವಾರ. ಅವಳು ಒಂದು ಮಾತ್ರೆಯನ್ನು ಅಮ್ಮನ ಅಂಗೈಗೆ ಹಾಕಿ, ನೀರಿನ ಲೋಟ ಹಿಡಿದಳು.

“ಚಟ ಹಿಡೀಲಿ ಬಿಡಮ್ಮ. ಹಿಡಿಯೋವರೆಗಾದ್ರೂ ಇರು.”