ಕೌದಿಯ ಕೊನೆಯ ಮೂಲೆ

ಕರಿ ಕೋಟಿನ ತುಂಡಿನ ಮೇಲೆ ಗುರವ್ವನ ಸೂಜಿ ನಿಂತಿತು. "ಆವತ್ತ ಕೋರ್ಟಿನ್ಯಾಗ ಇದನ್ನ ಹಾಕ್ಕೊಂಡಿದ್ರಿ ಅಲ್ಲರಿ, ಸಾಹೇಬ್ರ?"

ತ್ರ್ಯಂಬಕರಾಯರು ಕೂತಲ್ಲಿಂದಲೇ ಆ ತುಂಡನ್ನು ನೋಡಿದರು. ಸರಕಾರಿ ವಕೀಲರಾಗಿದ್ದಾಗ, ಯರಗಟ್ಟಿ ದಾರಿಯಲ್ಲಿ ಐವರನ್ನು ಒಬ್ಬೊಬ್ಬರಾಗಿ ಕೊಂದವನಿಗೆ ಅವರು ಗಲ್ಲು ಕೇಳಿದ್ದು ಇದೇ ಕೋಟಿನಲ್ಲಿ. ಅವನು ಗುರವ್ವನ ಒಬ್ಬನೇ ಮಗ. ತಮ್ಮ ಮೊಮ್ಮಗಳ ತೊಟ್ಟಿಲಿಗೆ ಹಳೆ ಬಟ್ಟೆಗಳ ಕೌದಿ ಹೊಲಿಯಲು ಹೆಂಡತಿ ಕರೆಸಿದ ಮುದುಕಿ ಅವನ ತಾಯಿಯೇ ಎಂದು ಬೆಳಿಗ್ಗೆ ಗುರುತು ಹತ್ತಿದಾಗಿನಿಂದ ರಾಯರಿಗೆ ತುತ್ತು ಇಳಿದಿರಲಿಲ್ಲ.

"ಆ ತುಂಡು ತಗದುಬಿಡವಾ."

"ಯಾಕ್ರಿ? ನೀವೇನ್ ಸುಳ್ಳ ಹೇಳಲಿಲ್ಲ. ಅರಿವಿ ದಪ್ಪ ಐತಿ, ಕೂಸಿಗೆ ಬೆಚ್ಚಗ ಆಕ್ಕೈತಿ." ಸೂಜಿ ಮತ್ತೆ ನಡೆಯಿತು.

ಸಂಜೆಯ ಹೊತ್ತಿಗೆ ಒಂದು ಮೂಲೆ ಮಾತ್ರ ಉಳಿಯಿತು. ಕೌದಿ ಹಸಿದಿರಬಾರದೆಂದು ಆ ಮೂಲೆಯೊಳಗೆ ರೊಟ್ಟಿಯ ಚೂರಿಟ್ಟು ಹೊಲಿಯುವುದು ವಾಡಿಕೆ. ರಾಯರೇ ಒಳಗೆ ಹೋಗಿ ರೊಟ್ಟಿ ತಂದುಕೊಟ್ಟರು. ಗುರವ್ವ ಚೂರೊಂದನ್ನು ಮುರಿದು ಮೂಲೆಗೆ ಸೇರಿಸಿ, ಹೊಲಿದು ಗಂಟು ಹಾಕಿದಳು. ಉಳಿದ ರೊಟ್ಟಿಯನ್ನು ಅವರ ಕೈಯಲ್ಲೇ ಇಟ್ಟಳು.

"ಮುಂಜಾನಿಂದ ನೋಡಾಕತ್ತೇನಿ, ನೀವೂ ಉಂಡಿಲ್ಲ. ತಿನ್ರಿ."